ನೀರಿದ್ರೆ ಕಾಣಲ್ಲ, ಕಂಡ್ರೆ ನೀರಿಲ್ಲ

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ-ಮಿರ್ಚಿ ಮುಂದೆ ಕೂತರೆ ಮಾತು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಆವತ್ತು ಜೋಗಕ್ಕೆ ಹೋಯಿತು. ನಾನೂ ಬಸುನೂ ಬೆನ್ನಿಗೆ ಬ್ಯಾಗ್ ಹಾಕಿಕೊಂಡು, ಸಿಕ್ಕ ಬಸ್ ಹತ್ತಿ, ಜೋಗ, ಉಂಚಳ್ಳಿ ಜಲಪಾತ ಅಂತ ಸುತ್ತಿ ಬಂದಿದ್ದೆವು.

"ಎಲ್ಲಿ, ಫೋಟೋ ತೋರ್ಸಲೇ" ಅಂದ ಚಿತ್ರದುರ್ಗದ ರುದ್ರ.

ಬಸು ಫೋನ್ ಕೊಟ್ಟ. ರುದ್ರ ಒಂದೊಂದೇ ಸರಿಸಿದ. ಎಲ್ಲಾ ಬರೀ ಬಿಳಿ.

"ಇದೇನಲೇ, ಸುಣ್ಣ ಬಳಿದ ಗೋಡೆ ಹೊಡ್ಕಂಡು ಬಂದೀರಿ?"

"ಗೋಡೆ ಅಲ್ಲ, ಅದು ರಾಜ. ಮುಂದಿಂದು ರಾಣಿ."

"ಇದು?"

"ಇದು ನಾನು."

ಮೇಷ್ಟ್ರು ನಕ್ಕು ನಕ್ಕು ಮಿರ್ಚಿ ಕೆಳಗಿಟ್ಟರು. ನಿವೃತ್ತಿಯಾದರೂ ಪಾಠ ಬಿಟ್ಟಿಲ್ಲ ಅವರು. "ನೋಡ್ರಪ್ಪಾ, ಎಂಟುನೂರಾ ಮೂವತ್ತು ಅಡಿಯಿಂದ ಶರಾವತಿ ಬೀಳ್ತಾಳೆ. ಮಳೆಗಾಲದಲ್ಲಿ ನೀರು ಜೋರು. ಕೆಳಗಿಂದ ತುಂತುರು ಏಳ್ತದೆ, ಮೇಲಿಂದ ಮೋಡ ಇಳೀತದೆ. ಎರಡೂ ಸೇರಿದ್ರೆ ನಿಮ್ಮ ಫೋಟೋ."

"ಹಂಗಾದ್ರೆ ಬೇಸಿಗೆಗೆ ಹೋಗೋದು" ಅಂದ ರುದ್ರ.

"ಬೇಸಿಗೆಗೆ ಚೆನ್ನಾಗಿ ಕಾಣ್ತದೆ. ಬಂಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನೀರು ಕರೆಂಟಿಗೆ ಅಂತ ನಿಂತುಬಿಡ್ತು. ಸಮುದ್ರಮಟ್ಟದಿಂದ 1819 ಅಡಿವರೆಗೆ ತುಂಬಿ ಗೇಟು ತೆಗೆದರೆ ರಾಜನಿಗೆ ಕಳೆ. ಇಲ್ಲದಿದ್ರೆ ರಾಜನೂ ಇಂಜಿನಿಯರ ಅಪ್ಪಣೆ ಕಾಯಬೇಕು."

"ಅಂದ್ರೆ ನೀರಿದ್ರೆ ಕಾಣಲ್ಲ, ಕಂಡ್ರೆ ನೀರಿಲ್ಲ!"

ಹಾಗೇನೂ ಇಲ್ಲ. ನಾನು ಕಂಡಿದ್ದೇನೆ. ಅದೇ ಈಗ ಜಗಳದ ಮೂಲ. ನಾವು ಕಟಕಟೆ ಹಿಡಿದು ನಿಂತೇ ನಿಂತಿದ್ದೆವು. ಬಸುಗೆ ಬೇಸರವಾಗಿ ಬೇಯಿಸಿದ ಜೋಳ ತರಲು ಹೋದ. ಅವನು ಅತ್ತ ಹೋಗಿದ್ದೇ ತಡ, ಒಂದು ಗಾಳಿ ಬೀಸಿತು. ಮಂಜು ಸರಿಯಿತು. ನಾಲ್ಕೂ ಕಂಡವು! ರಾಜ ನೆಟ್ಟಗೆ ಇಳಿಯುತ್ತಿದ್ದ. ರೋರರ್ ಬಂಡೆಗೆ ಬಡಿದು ಅಬ್ಬರಿಸುತ್ತಿತ್ತು. ರಾಕೆಟ್ ಹೆಸರಿಗೆ ತಕ್ಕಂತೆ ಚಿಮ್ಮುತ್ತಿತ್ತು. ರಾಣಿ ಮಾತ್ರ ಯಾವ ಗಡಿಬಿಡಿಯೂ ಇಲ್ಲದೆ ಬಂಡೆ ತುಂಬ ನೊರೆ ಹರಡಿಕೊಂಡು ಇಳಿಯುತ್ತಿದ್ದಳು. "ಬಾರಲೇ, ಬಾರಲೇ!" ಅಂತ ಕೂಗಿದೆ. ಅವನು ಚಿಲ್ಲರೆಗೆ ಕಾಯುತ್ತಿದ್ದ. ಓಡಿ ಬರುವಷ್ಟರಲ್ಲಿ ಮತ್ತೆ ಬಿಳಿ.

"ಸುಳ್ಳು" ಅಂದ ಬಸು. "ಇವನು ಪೋಸ್ಟರ್ ನೋಡಿ ಹೇಳ್ತಾನೆ."

"ಬ್ಯಾಗಿನ ಕಥೆ ಹೇಳಲಾ ಹಂಗಾದ್ರೆ?" ಅಂದೆ.

ಇವನ ಬ್ಯಾಗ್ ನೋಡಿದರೆ ಹಿಮಾಲಯಕ್ಕೆ ಹೊರಟವನ ಹಾಗಿತ್ತು. ಬಸ್ಸಿನಲ್ಲಿ ಎಲ್ಲರೂ ಪಾಪ ಅಂತ ಜಾಗ ಬಿಟ್ಟುಕೊಟ್ಟರು. ಸಾಗರದಲ್ಲಿ ಇಳಿಯುವಾಗ ನಾನೇ ಎತ್ತಿಕೊಟ್ಟೆ, ಒಂದೇ ಬೆರಳಿಗೆ ಬಂತು. ಒಳಗೆ ಬರೀ ಮಂಡಕ್ಕಿ! ಟವೆಲ್, ಟಾರ್ಚ್, ನೀರಿನ ಬಾಟಲಿ, ಅವನದೂ ಸೇರಿ ಎಲ್ಲಾ ನನ್ನ ಬೆನ್ನಿಗೆ. ಆ ಮಂಡಕ್ಕಿಯಾದರೂ ಉಳಿಯಿತಾ? ಮಲೆನಾಡಿನ ತೇವಕ್ಕೆ ರಾತ್ರಿ ಬೆಳಗಾಗುವುದರೊಳಗೆ ಮೆತ್ತಗಾಗಿ, ಬಾಯಿಗೆ ಹಾಕಿದರೆ ಸದ್ದೇ ಬರಲಿಲ್ಲ. (ಜೀನ್ಸ್ ಹಾಕಿಕೊಂಡು ಮಲೆನಾಡಿಗೆ ಹೋಗುವವರಿಗೂ ಒಂದು ಮಾತು: ಅದು ಅಲ್ಲಿ ಒಣಗುವುದಿಲ್ಲ. ಮನೆಗೆ ಬಂದ ಮೇಲೆ ಒಣಗುತ್ತದೆ.)

"ಉಪ್ಪಿನ ವಿಷಯನೂ ಹೇಳು" ಅಂದರು ಮೇಷ್ಟ್ರು. ಅವರಿಗೆ ಆಗಲೇ ಸುದ್ದಿ ಮುಟ್ಟಿದೆ.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಅಂತ ನಾನು ಉಪ್ಪಿನ ಪೊಟ್ಟಣ ಇಟ್ಟುಕೊಂಡಿದ್ದೆ. ಈ ಪುಣ್ಯಾತ್ಮ ಸಿದ್ದಾಪುರದಲ್ಲಿ ಸೌತೆಕಾಯಿ ತಗೊಂಡು ಅಷ್ಟನ್ನೂ ಹಚ್ಚಿಕೊಂಡು ತಿಂದ. ಉಂಚಳ್ಳಿಯ ಕಾಡುದಾರಿಯಲ್ಲಿ ನೋಡುತ್ತೇನೆ, ಅವನ ಶೂ ಲೇಸಿನ ತೂತಿನಲ್ಲಿ ಒಂದು ಉಂಬಳ ಅರ್ಧ ಒಳಗೆ ಹೋಗಿ, ಇನ್ನರ್ಧ ಹೊರಗೆ ಅಲ್ಲಾಡುತ್ತಿದೆ. ಅದು ಕಚ್ಚಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಬಿಡಿಸಿದ ಮೇಲೂ ರಕ್ತ ನಿಲ್ಲುವುದಿಲ್ಲ, ಅದರ ಜೊಲ್ಲಿನ ಗುಣ ಹಾಗೆ. ಸಾಕ್ಸ್ ಕೆಂಪಾದದ್ದು ನೋಡಿ ಬಸು "ಉಪ್ಪು! ಉಪ್ಪು!" ಅಂತ ಕುಣಿದ.

"ನಿನ್ನ ಹೊಟ್ಟೆಯಲ್ಲಿದೆ" ಅಂದೆ.

ಅಲ್ಲಿಂದ ಶುರುವಾದ ಜಗಳ ಜಲಪಾತದ ಮುಂದೆಯೂ ಮುಂದುವರಿಯಿತು. ಆದರೆ ಅಘನಾಶಿನಿ ಅಲ್ಲಿ 116 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಆ ಸದ್ದಿಗೆ ಅವನು ಬೈದದ್ದು ನನಗೆ ಕೇಳಲಿಲ್ಲ, ನಾನು ಬೈದದ್ದು ಅವನಿಗೆ ಕೇಳಲಿಲ್ಲ. ಪಕ್ಕದಲ್ಲಿದ್ದ ಯಾರೋ ದಂಪತಿ, ಇವರಿಗೆ ಎಷ್ಟು ಖುಷಿಯಾಗಿದೆ ಅಂತ ನಮ್ಮನ್ನು ನೋಡಿ ನಗುತ್ತಿದ್ದರು.

ರುದ್ರ ಕೈ ಒರೆಸಿಕೊಂಡ. "ನಿಮಗೆ ಒಂದು ಗಳಿಗೆ ಮಂಜು ಸರಿಯೋಕೆ ಕಾಯಕ್ಕಾಗಲ್ಲ. ನಮ್ಮ ಹಿರಿಯೂರಿನ ಮಾರಿಕಣಿವೆ ಡ್ಯಾಮು 1933ರಲ್ಲಿ ಕೋಡಿ ಬಿದ್ದಿದ್ದು. ಮತ್ತೆ ಬಿದ್ದಿದ್ದು 2022ಕ್ಕೆ. 89 ವರ್ಷ ಕಾದ್ವಿ, ಗೊತ್ತಾ? ಕೋಡಿ ನೀರು ನೋಡೋಕೆ ಜನ ಜಾತ್ರೆ."

"ಈಗ ಇನ್ನೊಂದು 89 ವರ್ಷ ಬಿಟ್ಟು ಕರೀತೀಯಾ?"

"ಇಲ್ಲಪ್ಪ, 2025ರಲ್ಲೂ ಬಿತ್ತು. ನಮ್ಮ ವೇದಾವತಿಗೂ ಈಗ ರೂಢಿಯಾಗಿದೆ. ಮತ್ತೆ ಬಿದ್ದಾಗ ಫೋನ್ ಮಾಡ್ತೀನಿ, ಬ್ಯಾಗ್ ಬೇಡ, ಹಂಗೇ ಬನ್ನಿ."

ಬಸು ಸ್ವಲ್ಪ ಯೋಚಿಸಿದ. "ಅಲ್ಲಿ ಮಂಜು, ಉಂಬಳ ಏನಾದ್ರೂ ಇರ್ತಾವಾ?"

"ಹಿರಿಯೂರಲ್ಲಾ? ಬೆವರು ಇರ್ತದೆ."