ಶಾಲಾ ಕೈತೋಟದ ಸೊಪ್ಪನ್ನು ಮಕ್ಕಳು ತಿನ್ನುವಂತೆ ಮಾಡೋದು ಹೇಗೆ?

ಬಯಲುಸೀಮೆ ಟೀಚರ್:
ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 1ರಿಂದ 7ನೇ ತರಗತಿ, 60 ಮಕ್ಕಳು. ಬಿಸಿಯೂಟದ ಸಾಂಬಾರಿಗೆ ಸೊಪ್ಪು ಹಾಕಿದರೆ ಬೆರಳಲ್ಲಿ ಆರಿಸಿ ತಟ್ಟೆ ಅಂಚಿಗೆ ಇಡ್ತಾರೆ. ಕಾಂಪೌಂಡ್ ಒಳಗೆ 20x30 ಅಡಿ ಬಿಸಿಲಿರುವ ಜಾಗ ಇದೆ, ನೀರು ದಿನ ಬಿಟ್ಟು ದಿನ ಬರುತ್ತೆ. ಜೂನ್‌ನಲ್ಲಿ ಏನು ಹಾಕಬೇಕು? ಊಟಕ್ಕೆ ಎಷ್ಟು ಸಿಗಬಹುದು?

ಮಡಿ ಮಣ್ಣು:
ಮೊದಲು ಲೆಕ್ಕ ನೋಡಿ ಟೀಚರ್. ಬಿಸಿಯೂಟದ ಪ್ರಮಾಣದಂತೆ 1ರಿಂದ 5ರವರಿಗೆ ದಿನಕ್ಕೆ 50 ಗ್ರಾಂ ತರಕಾರಿ, 6–7ನೇಯವರಿಗೆ 75 ಗ್ರಾಂ. ನಿಮಗೆ ದಿನಕ್ಕೆ ಮೂರು ಕೆ.ಜಿ. ಮೇಲೇ ಬೇಕು. 3x10 ಅಡಿಯ ಒಂದು ಮಡಿ ದಂಟಿನ ಸೊಪ್ಪು ಚೆನ್ನಾಗಿ ಬಂದರೆ ಒಂದು ಕೊಯ್ಲಿಗೆ ಎರಡೂವರೆ ಕೆ.ಜಿ. ಸಿಗುತ್ತೆ, ಅಂದರೆ ಒಂದು ದಿನದ ಊಟಕ್ಕೂ ಸಾಲದು. ಹಾಗಾಗಿ ಸಂತೆ ಖರ್ಚು ಉಳಿಸೋಕೆ ಅಂತ ತೋಟ ಮಾಡಬೇಡಿ, ತಿನ್ನೋದು ಕಲಿಸೋಕೆ ಮಾಡಿ.

ನಾಲ್ಕು ಮಡಿ ಸಾಕು. ಅಗಲ ಮೂರು ಅಡಿ ದಾಟಬಾರದು, ದಾಟಿದರೆ ಚಿಕ್ಕವರು ಕೈ ನಿಲುಕದೆ ಮಡಿ ತುಳಿದು ಮಣ್ಣು ಗಟ್ಟಿ ಮಾಡ್ತಾರೆ. ಮಡಿಗೆ ಎರಡು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ದಂಟಿನ ಬೀಜ ಕಾಲು ಟೀ ಚಮಚ, ಹತ್ತು ಪಟ್ಟು ಒಣ ಮರಳಿನ ಜೊತೆ ಬೆರೆಸಿ ಚೆಲ್ಲಿ. ಬರೀ ಬೀಜ ಕೊಟ್ಟರೆ ಮಕ್ಕಳ ಕೈಯಲ್ಲಿ ಒಂದೇ ಕಡೆ ರಾಶಿ ಬೀಳುತ್ತೆ. ಮೇಲೆ ತೆಳ್ಳಗೆ ಪುಡಿ ಮಣ್ಣು ಅಷ್ಟೇ. ಆಳಕ್ಕೆ ಹೋದರೆ ಮೊಳೆಯಲ್ಲ. ಹೆಸರಘಟ್ಟದ ಐಐಎಚ್ಆರ್‌ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಬಿಟ್ಟಿರುವ ಅರ್ಕಾ ಸುಗುಣ ತಳಿಯಾದರೆ 25–30 ದಿನಕ್ಕೆ ಮೊದಲ ಕೊಯ್ಲು, ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತೆ. ಎರಡನೇ ಮಡಿ ಹತ್ತು ದಿನ ಬಿಟ್ಟು ಹಾಕಿ.

ಮೂರನೇ ಮಡಿಗೆ ಬೆಂಡೆ. 45–50 ದಿನಕ್ಕೆ ಕಾಯಿ ಶುರು. ಶನಿವಾರ ಕೊಯ್ಯದೆ ಬಿಟ್ಟರೆ ಸೋಮವಾರಕ್ಕೆ ನಾರು. ನಾಲ್ಕನೇ ಮಡಿ ಮೆಂತ್ಯಕ್ಕೆ ಇರಲಿ, ಆದರೆ ಈಗ ಬೇಡ, ಜಡಿ ಮಳೆಗೆ ಕೊಳೆಯುತ್ತೆ, ದಸರಾ ರಜೆ ಮುಗಿದ ಮೇಲೆ ಹಾಕಿ.

ಒಲೆಯ ಮುಂದೆ:
ಕೊಯ್ದ ದಿನವೇ ಬೇಯಿಸಿ, ಇದನ್ನು ಮಾತ್ರ ತಪ್ಪಿಸಬೇಡಿ. ಬೆಳಗ್ಗೆ ತಾನು ಕೊಯ್ದು ತೂಗಿ ಅಡುಗೆಮನೆಗೆ ಕೊಟ್ಟ ಸೊಪ್ಪು ಮಧ್ಯಾಹ್ನ ತಟ್ಟೆಗೆ ಬಂದರೆ ಮಗು ಗುರುತು ಹಿಡಿಯುತ್ತೆ. ಮರುದಿನಕ್ಕೆ ಇಟ್ಟರೆ ಅದು ಅವರಿಗೆ ಸಂತೆ ಸೊಪ್ಪೇ.

ಆರಿಸಿ ಇಡೋದಕ್ಕೆ ಕಾರಣ ಉದ್ದುದ್ದ ಎಲೆ, ಬಲಿತ ದಂಟು. ಬೇಳೆ ಜೊತೆ ಬೇಯಿಸಿ, ಕಡೆದು ಮಸ್ಸೊಪ್ಪು ಮಾಡಿ. ಆರಿಸೋಕೆ ಏನೂ ಇರಲ್ಲ. ಆದರೆ ಯಾವಾಗಲೂ ಕಡೆದೇ ಕೊಟ್ಟರೆ ಎಲೆಯ ರುಚಿ ಗೊತ್ತಾಗಲ್ಲ. ವಾರಕ್ಕೊಮ್ಮೆ ಒಂದೊಂದು ಚಮಚ ಪಲ್ಯ ಬೇರೆಯಾಗಿ ಬಡಿಸಿ. ಬಿಟ್ಟರೆ ಬಿಡಲಿ, ಬೈಯಬೇಡಿ. ಹೊಸ ರುಚಿ ಹಿಡಿಸೋಕೆ ಎಂಟು-ಹತ್ತು ಸಲವಾದರೂ ಬೇಕಾಗುತ್ತೆ, ಬಲವಂತ ಮಾಡಿದರೆ ಹಟ ಜಾಸ್ತಿ. ಇಳಿಸಿದ ಮೇಲೆ ನಿಂಬೆ ಹಿಂಡಿ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುತ್ತೆ.

ಬೇಲಿ ಪಕ್ಕ ಎರಡು ನುಗ್ಗೆ ನೆಡಿ. ಕಡ್ಡಿ ಗಂಟಲಿಗೆ ಸಿಗುತ್ತೆ, ಎಳೆ ಎಲೆ ಮಾತ್ರ ಬಿಡಿಸಿ ಹಾಕಿ.

ಮಡಿ ಮಣ್ಣು:
ನುಗ್ಗೆ ಸರಿ, ಆದರೆ ಮೂರಡಿ ಆದಾಗ ತುದಿ ಚಿವುಟಿ. ಇಲ್ಲದಿದ್ದರೆ ಎತ್ತರ ಹೋಗುತ್ತೆ, ಮಕ್ಕಳು ಹತ್ತುತ್ತಾರೆ. ಅದರ ಕೊಂಬೆ ಬಹಳ ಪೆಳಸು.

ಹೆಚ್ಚು ಸಸಿ ಸಾಯೋದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ಪ್ರತಿ ತರಗತಿಯೂ ಒಂದೊಂದು ಬಕೆಟ್ ಸುರಿದರೆ ಬುಡ ಕೊಳೆತು ಮಲಗುತ್ತೆ. ಪಾಳಿ ಹಾಕಿ, ಮಣ್ಣಿಗೆ ಒಂದು ಗೆಣ್ಣು ಬೆರಳು ಇಟ್ಟಾಗ ತೇವ ಸಿಕ್ಕರೆ ಆ ದಿನ ನೀರು ಬೇಡ. ಬೆಂಡೆ ಎಲೆಯ ನರ ಹಳದಿಯಾದರೆ ಬಿಳಿನೊಣ ತಂದ ರೋಗ, ಆ ಗಿಡ ಕಿತ್ತು ಸುಡಿ. ನೊಣಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು, ಸಂಜೆ ಹೊತ್ತು. ರಾಸಾಯನಿಕ ಔಷಧಿ ಶಾಲೆಯೊಳಗೆ ತರಲೇಬೇಡಿ.

ಬಯಲುಸೀಮೆ ಟೀಚರ್:
ಧನ್ಯವಾದ. ತಟ್ಟೆ ತೊಳೆದ ನೀರು ಮಡಿಗೆ ಬಿಡಬಹುದಾ?

ಒಲೆಯ ಮುಂದೆ:
ಸೋಪು, ಎಣ್ಣೆ ಇರುತ್ತೆ, ಸೊಪ್ಪಿಗೆ ಬೇಡ. ಅದನ್ನು ಬಾಳೆ ಗುಂಡಿಗೆ ಬಿಡಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮಡಿಗೆ ಧಾರಾಳವಾಗಿ ಹಾಕಬಹುದು.