ಬಹ್ರೇನ್‌ದಾಗ ಐದು ದಿನ: ವಯಸ್ಸಾದವರ ಜೋಡಿ ಏನೇನು ನೋಡಬೇಕು?

ಉಣಕಲ್ ಕೆರಿ, ಹುಬ್ಬಳ್ಳಿ

ನಮಸ್ಕಾರ್ರೀ ಎಲ್ಲಾರಿಗೂ. ಡಿಸೆಂಬರ್ ಎರಡನೇ ವಾರ ಅಪ್ಪ-ಅವ್ವನ್ನ ಕರಕೊಂಡು ಬಹ್ರೇನ್‌ಗೆ ಹೊಂಟೀವಿ. ತಂಗಿ ಮನಿ ಮನಾಮಾದಾಗ ಐತಿ, ಇರೂದಕ್ಕ ಚಿಂತಿ ಇಲ್ಲ. ತಿರುಗಾಡಾಕ ಪೂರಾ ಐದು ದಿನ ಸಿಗತಾವ. ಅಪ್ಪಗ ಮೊಣಕಾಲ ನೋವು, ಒಮ್ಮೆಲೆ ಅರ್ಧ ತಾಸಿಗಿಂತ ಹೆಚ್ಚು ನಡಿಯಾಕ ಆಗಂಗಿಲ್ಲ. ಅವ್ವ ತತ್ತಿನೂ ಮುಟ್ಟಂಗಿಲ್ಲ. ನೆಟ್‌ನಾಗ ಹುಡುಕಿದ್ರ ಮಾಲ್, ರೇಸ್ ಟ್ರ್ಯಾಕ್, ವಾಟರ್ ಪಾರ್ಕ್ ಇವ ಬರ್ತಾವ. ನಮಗ ಹಳೇ ಜಾಗ, ಆ ಊರಿಂದ ಅನ್ನುವಂಥವು ನೋಡಬೇಕಾಗೇದ. ಯಾವುದಕ್ಕ ಯಾವ ಹೊತ್ತಿಗೆ ಹೋಗಬೇಕು, ಯಾವುದು ಬಿಟ್ರ ನಡೀತದ, ತಿಳಿದವ್ರು ಹೇಳ್ರಿ. ಮರಳುಗಾಡಿನಾಗ 'ಜೀವದ ಮರ' ಅಂತ ಒಂದು ಐತೆಲ್ಲ, ಒಂದ ಮರಕ್ಕ 40 ಕಿ.ಮೀ. ಹೋಗೂದು ಲೇಸೇನು?

ಸಾಧನಕೇರಿ, ಧಾರವಾಡ

ಮೊದಲು ಹೊತ್ತಿನ ಲೆಕ್ಕ ತಿಳ್ಕೋರಿ. ಅಲ್ಲಿ ಗಡಿಯಾರ ನಮ್ಮಕಿಂತ ಎರಡೂವರಿ ತಾಸು ಹಿಂದ, ಮತ್ತ ಡಿಸೆಂಬರ್‌ನಾಗ ಸಂಜಿ ಐದರೊಳಗ ಹೊತ್ತು ಮುಳುಗತೈತಿ. ಉಂಡು, ಒಂದು ನಿದ್ದಿ ತಗದು, ಚಹಾ ಕುಡದು ಹೊಂಟ್ರ ಕ್ವಾಟಿ ಕತ್ತಲದಾಗ ನೋಡಬೇಕಾಗತದ. ಬಯಲಿನ ಜಾಗ ಎಲ್ಲಾ ಮುಂಜಾನೆ, ಇಲ್ಲಾ ಮೂರು ಗಂಟೆಕ್ಕ. ಕತ್ತಲಾದ ಮ್ಯಾಲೆ ಪ್ಯಾಟಿ.

ಎರಡನೇದು, ಅಲ್ಲಿ ವಾರದ ರಜೆ ಶುಕ್ರವಾರ-ಶನಿವಾರ. ಗುರುವಾರ ಸಂಜಿಯಿಂದ ಸೌದಿ ಮಂದಿ ಕಿಂಗ್ ಫಹದ್ ಸೇತುವೆ ದಾಟಿ ಬರ್ತಾರ. ಸಮುದ್ರದ ಮ್ಯಾಲೆ 25 ಕಿ.ಮೀ. ಉದ್ದ ಐತಿ ಅದು, 1986ರಾಗ ಆಗಿದ್ದು. ಆ ಎರಡು ದಿನ ಮಾಲ್, ಹೋಟೆಲ್, ರಸ್ತೆ ಎಲ್ಲಾ ಗಿಜಿಗಿಜಿ. ನಿಮ್ಮ ವಾರಕ್ಕ ಡಿಸೆಂಬರ್ 16 ತಾಗಿದ್ರ ಅದು ರಾಷ್ಟ್ರೀಯ ದಿನ, 17ಕ್ಕೂ ಸೂಟಿ. ರಾತ್ರಿ ದೀಪ ನೋಡಾಕ ಚಲೋ, ಕಾರಿನಾಗ ತಿರುಗಾಡಾಕ ಅಲ್ಲ.

ಐದು ದಿನದಾಗ ಒಂದ ಜಾಗಕ್ಕ ಹೋಗಬಹುದು ಅಂದ್ರ ಕಲಾತ್ ಅಲ್ ಬಹ್ರೇನ್, ಅಂದ್ರ ಬಹ್ರೇನ್ ಕೋಟೆಗೆ ಹೋಗ್ರಿ. 2005ರಾಗ ಯುನೆಸ್ಕೊ ಪಟ್ಟಿಗೆ ಸೇರೇದ. ಕಣ್ಣಿಗೆ ಕಾಣೂದು ಮ್ಯಾಲಿನ ಕೋಟೆ, ಪೋರ್ಚುಗೀಸರ ಹೆಸರು ಅದಕ್ಕ ಅಂಟಿಕೊಂಡೈತಿ. ಖರೇ ಸಂಗತಿ ಇರೂದು ಕೆಳಗ: 300 ಮೀಟರ್ ಅಗಲ, 600 ಮೀಟರ್ ಉದ್ದದ ದಿಬ್ಬ. ಕ್ರಿ.ಪೂ. 2300ರ ಸುಮಾರಿನಿಂದ ಕ್ರಿ.ಶ. 16ನೇ ಶತಮಾನದ ತನಕ ಮಂದಿ ಒಂದರ ಮ್ಯಾಲೊಂದು ಊರು ಕಟ್ಟಿ ಕಟ್ಟಿ ಎದ್ದ ದಿಬ್ಬ ಅದು. ಮೆಸಪೊಟೇಮಿಯಾದ ಮಣ್ಣಿನ ಹಲಗಿಯೊಳಗ ಬರೂ ದಿಲ್ಮುನ್ ನಾಡಿನ ರಾಜಧಾನಿ ಇದ. ಹಂಗಾಗಿ ಮೊದಲು ಪಕ್ಕದ ಮ್ಯೂಸಿಯಂ, ಆಮ್ಯಾಲೆ ದಿಬ್ಬ. ಮ್ಯೂಸಿಯಂ ಒಳಗ ಮಣ್ಣಿನ ಪದರು ಕೊಯ್ದು ತೋರಿಸಿದಂಗ ದೊಡ್ಡ ಗೋಡಿ ಐತಿ. ಅದನ್ನ ನೋಡದ ಹೊರಗ ಹೋದ್ರ ಬರೇ ಬಿದ್ದ ಗೋಡಿ ಕಾಣತಾವ, "ಇದಕ್ಕ ಇಷ್ಟು ದೂರ ಬಂದೇವೇನು" ಅಂತಾರ ಹಿರೇರು. ಎರಡು ಗಂಟೆಕ್ಕ ಮ್ಯೂಸಿಯಂ ಹೊಕ್ಕು, ಮೂರೂಕಾಲಕ್ಕ ಹೊರಗ ಬಿದ್ರ ಬಿಸಲು ಇಳಿದಿರತದ, ಹಿಂದ ಸಮುದ್ರ. ದಿಬ್ಬದ ಮ್ಯಾಲೆ ನೆರಳಿಲ್ಲ, ಹಾದಿ ಕಲ್ಲು-ಮಣ್ಣಿಂದು, ಕೋಟೆ ಒಳಗ ಮೆಟ್ಟಲು ಅದಾವ. ಅಪ್ಪಾರು ಕಂದಕದ ತನಕ ಹೋಗಿ ಹಿಂದ ತಿರುಗಲಿ. ಮ್ಯೂಸಿಯಂ ಕೆಫೆಯೊಳಗ ಸಮುದ್ರ ನೋಡಕೋತ ಕುಂಡ್ರಬಹುದು.

ಅಲ್ಲಿಂದ ಕಾರಿನಾಗ ಸ್ವಲ್ಪ ಹೊತ್ತಿನ ಹಾದಿ ಬಾರ್ಬಾರ್ ಗುಡಿ. ಉಳಿದದ್ದು ಅಡಿಪಾಯ, ಮತ್ತ ಮೆಟ್ಟಲು ಇಳಿದು ಹೋಗೂ ಒಂದು ಕಲ್ಲಿನ ಕೊಳ. ಲಕ್ಕುಂಡಿ ಬಾವಿ ನೋಡಿದವ್ರಿಗೆ ಭಾಳ ಸಣ್ಣದು, ಆದ್ರ ವಯಸ್ಸು 4000 ವರ್ಷದ ಮ್ಯಾಲೆ. ಕಾಲು ತಾಸು ಸಾಕು. ಕೋಟೆಕ್ಕಿಂತ ಮೊದಲ ಮುಗಿಸಿ ಬಿಡ್ರಿ.

ನ್ಯಾಷನಲ್ ಮ್ಯೂಸಿಯಂ ಮುಂಜಾನಿಗೆ ಇಟ್ಕೋರಿ. 1988ರಾಗ ತಗದದ್ದು, ನೆಲ ಸಪಾಟು, ಮೊಣಕಾಲಿನವ್ರಿಗೆ ತ್ರಾಸಿಲ್ಲ. ಮರಳುಗಾಡಿನಿಂದ ಒಂದು ಗೋರಿ ದಿಬ್ಬನ್ನ ಹಂಗ ತಂದು ಒಳಗ ಜೋಡಿಸ್ಯಾರ. ದುಂಡನೆ ದಿಲ್ಮುನ್ ಮುದ್ರಿಗಳನ್ನ ಬಿಡಬ್ಯಾಡ್ರಿ. ಇಂಥಾದ ಕೊಲ್ಲಿ ಕಡೆಯ ಮುದ್ರಿ ಒಂದು ನಮ್ಮ ಗುಜರಾತಿನ ಲೋಥಲ್‌ದಾಗ ಸಿಕ್ಕೈತಿ, ಸಿಂಧೂ ಕಣಿವೆಯ ತೂಕದ ಕಲ್ಲಿನ ಅಳತೀನ ಇವ್ರೂ ಬಳಸ್ತಿದ್ರು. ಎಲ್ಲಾ ಮ್ಯೂಸಿಯಂಗೂ ವಾರದಾಗ ಒಂದು ದಿನ ರಜೆ ಇರತದ. ಹಿಂದಿನ ದಿನ ತಂಗ್ಯಾರ ಕಡಿಂದ ಫೋನ್ ಮಾಡಿಸ್ರಿ.

ಅಲ್ ಫತೇಹ್ ಮಸೀದಿಗೆ ಬ್ಯಾರೆ ಧರ್ಮದವ್ರಿಗೂ ಪ್ರವೇಶ ಐತಿ, ಪುಕ್ಕಟೆ. ಶುಕ್ರವಾರ ಬ್ಯಾಡ, ನಮಾಜ್ ಹೊತ್ತು ಬ್ಯಾಡ. ಹೆಣ್ಮಕ್ಕಳಿಗೆ ಕಪ್ಪು ನಿಲುವಂಗಿ, ತಲಿವಸ್ತ್ರ ಬಾಗಿಲದಾಗ ಕೊಡ್ತಾರ, ಸೀರಿ ಮ್ಯಾಲೆ ಹಾಕ್ಕೋಬಹುದು. ಗಂಡಸರು ಪೂರ್ತಿ ಪ್ಯಾಂಟು. ಮ್ಯಾಲಿನ ಗುಮ್ಮಟ ಫೈಬರ್‌ಗ್ಲಾಸಿಂದು, ತೂಕ 60 ಟನ್ನಿಗಿಂತ ಹೆಚ್ಚು. ಬಾಗಿಲ ತೇಗು ಹೋಗಿದ್ದು ನಮ್ಮ ದೇಶದಿಂದ.

ಮರದ ವಿಷಯ: ನನ್ನ ಕೇಳಿದ್ರ ಬಿಡ್ರಿ. ಹೋಗೂದು ಬರೂದು ಅರ್ಧ ದಿನ, ನೋಡೂದು ಹತ್ತು ನಿಮಿಷ.

ಬೆಟಗೇರಿ ಮಗ್ಗ, ಗದಗ

ಸಾಧನಕೇರಿ ಸರ್ ಹೇಳಿದ್ದೆಲ್ಲ ಸರಿ, ಮರದ ಮಾತೊಂದು ಒಪ್ಪುವುದಿಲ್ಲ. ಆ ಮರ ಯಾವುದು ಗೊತ್ತೇನ್ರಿ? ಪ್ರೊಸೊಪಿಸ್ ಸಿನೆರೇರಿಯಾ. ಅಂದರೆ ನಮ್ಮ ಬನ್ನಿ! ದಸರೆಗೆ ಬನ್ನಿ ಮುಡಿಯುವ ಮಂದಿ ಅಲ್ಲಿಯವರೆಗೆ ಹೋಗಿ ಅದನ್ನು ನೋಡದೆ ಬಂದರೆ ಹೇಗೆ? ಕೆಲವು ಕಡೆ ಅದನ್ನು ಪ್ರೊಸೊಪಿಸ್ ಜೂಲಿಫ್ಲೋರಾ ಎಂದು ತಪ್ಪಾಗಿ ಬರೆದಿರುತ್ತಾರೆ. ಅದು ಬಳ್ಳಾರಿ ಜಾಲಿ, ಇದರ ದಾಯಾದಿ, ಇದಲ್ಲ. ಎತ್ತರ ಸುಮಾರು 9.75 ಮೀಟರ್, ವಯಸ್ಸು 400 ವರ್ಷ ಎನ್ನುತ್ತಾರೆ. ಸುತ್ತ ಮರಳು, ಮೇಲೆ ನೀರಿನ ಸುಳಿವಿಲ್ಲ. ಬನ್ನಿಯ ತಾಯಿಬೇರು ಬಹಳ ಆಳಕ್ಕೆ ಇಳಿಯುತ್ತದೆ, ಎಲೆ ಸಣ್ಣದಾದ್ದರಿಂದ ನೀರು ಆರುವುದೂ ಕಡಿಮೆ. ರಾಜಸ್ಥಾನದ ಮರಳಿನಲ್ಲಿ ಇದೇ ಜಾತಿ ನಿಂತಿರುವುದೂ ಹೀಗೇ. ಅಮ್ಮನವರಿಗೆ ಮೊದಲೇ ಹೇಳಿಡಿ: ಬನ್ನಿ ಅಂತ ಎಲೆ ಹರಿಯುವ ಹಾಗಿಲ್ಲ, ಅದು ಸಂರಕ್ಷಿತ ಮರ.

ಬರೀ ಮರಕ್ಕೆ ಹೋದರೆ ಅರ್ಧ ದಿನ ದಂಡ, ಅದು ನಿಜ. ಅದಕ್ಕೇ ದಕ್ಷಿಣದ್ದೆಲ್ಲ ಒಂದೇ ದಿನಕ್ಕೆ ಕಟ್ಟಬೇಕು. ಇಡೀ ದ್ವೀಪದ ಉದ್ದವೇ ಹುಬ್ಬಳ್ಳಿ-ಗದಗ ನಡುವಿನ ದಾರಿಗಿಂತ ಕಡಿಮೆ. ಬೆಳಿಗ್ಗೆ ಎಂಟಕ್ಕೆ ಬಿಟ್ಟು ಮೊದಲು ಆಲಿ ಎಂಬ ಊರು. ದಿಲ್ಮುನ್ ಕಾಲದ ಗೋರಿ ದಿಬ್ಬಗಳು ಅಲ್ಲಿ ಮನೆಗಳ ನಡುವೆಯೇ ನಿಂತಿವೆ. ಯುನೆಸ್ಕೊ 2019ರಲ್ಲಿ ಪಟ್ಟಿಗೆ ಸೇರಿಸಿದಾಗ 21 ಜಾಗಗಳಲ್ಲಿ ಒಟ್ಟು 11,774 ದಿಬ್ಬ ಎಣಿಸಿದ್ದಾರೆ. ರಾಜರ ದೊಡ್ಡ ದಿಬ್ಬಗಳು ಇರುವುದು ಆಲಿಯಲ್ಲೇ. ಕಾರಿನಿಂದ ಇಳಿಯದೆಯೂ ಕಾಣುತ್ತವೆ, ಅಪ್ಪನವರಿಗೆ ಅನುಕೂಲ. ಅಲ್ಲೇ ಕುಂಬಾರರ ಕೆಲಸದ ಮನೆಗಳಿವೆ, ತಿಗರಿ ಮೇಲೆ ಮಾಡುವುದನ್ನು ನಿಂತು ನೋಡಬಹುದು.

ಆಮೇಲೆ ಜಬಲ್ ದುಖಾನ್ ಕಡೆ. ಎತ್ತರ 134 ಮೀಟರ್, ದೇಶಕ್ಕೆ ಅದೇ ದೊಡ್ಡ ಗುಡ್ಡ. ನಮ್ಮ ಕಪ್ಪತಗುಡ್ಡದ ಮುಂದೆ ಅದು ಗುಡ್ಡವೇ ಅಲ್ಲ ಬಿಡಿ. ಅದರ ಬುಡದಲ್ಲಿ ಮೊದಲ ಎಣ್ಣೆ ಬಾವಿ ಇದೆ. ಕೊಲ್ಲಿಯ ಅರಬ್ ದಂಡೆಯಲ್ಲಿ ಮೊಟ್ಟಮೊದಲು ಎಣ್ಣೆ ಚಿಮ್ಮಿದ್ದು ಇಲ್ಲಿ, 1932ರಲ್ಲಿ. ಅಲ್ಲಿಂದ ಮರ ಹತ್ತಿರ. ಕೊನೆಯ ತುಂಡು ರಸ್ತೆ ಮರಳು-ಜಲ್ಲಿ, ಸಾಮಾನ್ಯ ಕಾರು ಹೋಗುತ್ತದೆ; ಗಾಲಿಯ ಗುರುತು ಬಿಟ್ಟು ಪಕ್ಕಕ್ಕೆ ಇಳಿಸಿದರೆ ಮರಳಲ್ಲಿ ಹೂತುಕೊಳ್ಳುತ್ತದೆ. ಮೊಬೈಲ್‌ನಲ್ಲಿ ಟ್ಯಾಕ್ಸಿ ಕರೆದು ಹೋದರೆ ವಾಪಸ್ ಬರುವಾಗ ಸಮಸ್ಯೆ, ಆ ಬಯಲಲ್ಲಿ ಸುತ್ತಮುತ್ತ ಗಾಡಿಯೇ ಇರುವುದಿಲ್ಲ. ತಂಗಿಯವರ ಕಾರು ಇಲ್ಲವಾದರೆ ಹೋಗಿ-ನಿಂತು-ಬರುವ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಸಿಟಿ ಬಸ್ಸು ಮರದವರೆಗೆ ಹೋಗುವುದಿಲ್ಲ. ನೀರು ಒಯ್ಯಿರಿ. ಬರುವಾಗ ರಿಫಾ ಕೋಟೆ, 1812ರದ್ದು, ಚಿಕ್ಕದು, ಚೊಕ್ಕ.

ಇನ್ನು ಮುಹರ್‍ರಕ್. ಇದಕ್ಕೊಂದು ದಿನ ಬೇಕೇ ಬೇಕು, ಇದನ್ನೇ ಯಾರೂ ಹೇಳುವುದಿಲ್ಲ. ವಿಮಾನ ಇಳಿಯುವುದು ಅದೇ ದ್ವೀಪದಲ್ಲಿ, ಎಲ್ಲರೂ ಅಲ್ಲಿಂದ ಸೀದಾ ಮನಾಮಾಕ್ಕೆ ಓಡುತ್ತಾರೆ. ಎಣ್ಣೆಗಿಂತ ಮೊದಲು ಬಹ್ರೇನ್ ಬದುಕಿದ್ದು ಮುತ್ತಿನ ಮೇಲೆ. ಮುತ್ತಿನ ವ್ಯಾಪಾರಿಗಳ, ಮುಳುಗುಗಾರರ ಮನೆಗಳು, ಅಂಗಡಿ, ಉಗ್ರಾಣ, ಮಸೀದಿ ಸೇರಿ 17 ಕಟ್ಟಡ, ಜೊತೆಗೆ ಸಮುದ್ರದೊಳಗಿನ ಮೂರು ಸಿಂಪಿನ ಹಾಸು, ದಂಡೆಯ ತುಣುಕು, ಬು ಮಾಹಿರ್ ಕೋಟೆ ಇವಿಷ್ಟನ್ನೂ 2012ರಲ್ಲಿ ಯುನೆಸ್ಕೊ ಒಟ್ಟಿಗೆ ಪಟ್ಟಿಗೆ ತಗೊಂಡಿತು. ಈ 'ಮುತ್ತಿನ ಹಾದಿ' ಸುಮಾರು ಮೂರೂವರೆ ಕಿಲೋಮೀಟರ್. ಓಣಿಗಳಲ್ಲಿ ದುಂಡು ದೀಪದ ಕಂಬಗಳಿವೆ, ಅವೇ ಗುರುತು. ಪೂರಾ ನಡೆಸಬೇಡಿ. ಸಿಯಾದಿ ಮನೆಯ ಸುತ್ತಲಿನ ತುಂಡು ನೋಡಿ, ಶೇಖ್ ಇಸಾ ಬಿನ್ ಅಲಿ ಮನೆಗೆ ಬಂದು ಅದರ ಗಾಳಿಗೋಪುರದ ಕೆಳಗೆ ನಿಲ್ಲಿಸಿ. ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಗೋಪುರ ಅದು, ಫ್ಯಾನಿಲ್ಲದ ಕಾಲದ್ದು. ಕುರಾರ್ ಮನೆಯಲ್ಲಿ ಹೆಣ್ಣುಮಕ್ಕಳು ಜರಿ ಹೆಣೆಯುವ ಕೆಲಸ ಇದೆ. ಮನೆಗಳು ಮಧ್ಯಾಹ್ನ ಮುಚ್ಚಿ ಸಂಜೆ ತೆಗೆಯುವುದುಂಟು, ಬೆಳಿಗ್ಗೆ ಒಂಬತ್ತೂವರೆಗೆ ಶುರು ಮಾಡಿದರೆ ಚಿಂತೆಯಿಲ್ಲ. ಕಾರು ಓಣಿಗೆ ನುಗ್ಗಿಸದೆ ಹಾದಿಯ ಪಕ್ಕದ ಬಹುಮಹಡಿ ಪಾರ್ಕಿಂಗ್‌ನಲ್ಲಿ ಬಿಡಿ.

ಉಣಕಲ್ ಕೆರಿ, ಹುಬ್ಬಳ್ಳಿ

ಬನ್ನಿ ಅಂದಕೂಡ್ಲೆ ಅವ್ವ ಹೋಗೂದ ಅಂತ ಹಟಾ ಹಿಡದಾಳ್ರೀ. ಇನ್ನ ಎರಡು ಕೇಳೂದೈತಿ. ಹೊರಗ ಊಟದ್ದು ಹ್ಯಾಂಗ? ಮತ್ತ ಮುತ್ತು ತಗೋಬೇಕಂದ್ರ ಮೋಸ ಆಗದಂಗ ಏನು ನೋಡಬೇಕು?

ಹಾವೇರಿ ಯಾಲಕ್ಕಿ

ಊಟದ್ದು ಹೇಳತೀನ್ರಿ. ಮನಾಮಾದಲ್ಲಿ ಬಾಬ್ ಅಲ್ ಬಹ್ರೇನ್ ಅಂತ ಹೆಬ್ಬಾಗಿಲು ಇದೆ, 1949ರದ್ದು. ಅದರ ಹಿಂದಿನ ಹಳೇ ಪ್ಯಾಟೆಯೊಳಗೆ ಗುಜರಾತಿ, ದಕ್ಷಿಣದ ಸಸ್ಯಾಹಾರಿ ಖಾನಾವಳಿ ಸಿಗ್ತಾವೆ. ಅದೇ ಓಣಿಗಳಲ್ಲಿ ಶ್ರೀನಾಥಜಿ ಗುಡಿ ಇದೆ, ಸಿಂಧಿನ ಥಟ್ಟಾ ಕಡೆಯ ವ್ಯಾಪಾರಿಗಳು ಕಟ್ಟಿಸಿ 200 ವರ್ಷ ದಾಟಿದೆ. ಅಮ್ಮಾರಿಗೆ ಅಲ್ಲಿ ಹಿಡಿಸ್ತದೆ. ಪ್ಯಾಟೆಗೆ ಸಂಜೆ ನಾಲ್ಕೂವರೆ ಮೇಲೆ ಹೋಗ್ರಿ, ಮಧ್ಯಾಹ್ನ ಸುಮಾರು ಅಂಗಡಿ ಬಾಗಿಲು ಹಾಕಿರ್ತಾರೆ. ಶುಕ್ರವಾರ ಮುಂಜಾನೆ ಬಿಕೋ ಅಂತಿರ್ತದೆ.

ಸ್ಥಳೀಯ ತಿಂಡಿಯಲ್ಲಿ ಮೂರು ಕಡೆ ಎಚ್ಚರ ಬೇಕು. ಬಲಾಲೀತ್ ಅಂದ್ರೆ ಸಿಹಿ ಶಾವಿಗೆ, ನಮ್ಮ ಶಾವಿಗೆ ಅಂತಲೇ ತಿನ್ನಲಿಕ್ಕೆ ಹೋಗ್ತಾರೆ, ಅದರ ಮೇಲೆ ತತ್ತಿ ಹಾಕಿರ್ತಾರೆ. ತಂದೂರಿನ ಬಿಸಿ ರೊಟ್ಟಿ ಖುಬ್ಜ್ ಬರೇದಾದರೆ ಅಡ್ಡಿಯಿಲ್ಲ. ಕಂದು ಬಣ್ಣದ ಮಹ್ಯಾವಾ ಸವರಿ ಕೊಟ್ಟರೆ ಅದು ಮೀನಿನ ರಸ. ಮಚ್‌ಬೂಸ್ ಅನ್ನೋದು ಮಾಂಸದ ಅನ್ನ. 'ಬರೇ ಅನ್ನ ಹಾಕ್ರಿ' ಅಂದ್ರೂ ಆ ಅಕ್ಕಿ ಬೆಂದದ್ದು ಮಾಂಸದ ನೀರಿನಲ್ಲೇ. ಮುಹರ್‍ರಕ್ ಪ್ಯಾಟೆಯ ಹಲ್ವಾ ಮಾತ್ರ ಬಿಡಬೇಡ್ರಿ: ಗೋವಿನಜೋಳದ ಪಿಷ್ಟ, ಸಕ್ಕರೆ, ಕೇಸರಿ, ಯಾಲಕ್ಕಿ, ಗೋಡಂಬಿ-ಬಾದಾಮಿ, ಗುಲಾಬಿ ನೀರು. ಕೊಳ್ಳೋ ಮುಂದೆ ರುಚಿ ನೋಡಲಿಕ್ಕೆ ಕೊಡ್ತಾರೆ.

ಊರಿಂದ ಪೇಡೆ, ರೊಟ್ಟಿ, ಶೇಂಗಾ ಚಟ್ನಿ ಒಯ್ಯಬಹುದು. ಗಸಗಸೆ ಮಾತ್ರ ಒಂದು ಚಮಚೆನೂ ಬೇಡ, ಮಸಾಲೆ ಪುಡಿಯಲ್ಲಾಗಲಿ ಕರದಂಟಿನಲ್ಲಾಗಲಿ. ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ; ದುಬೈ ಮೇಲೆ ವಿಮಾನ ಬದಲಿಸುವವರಿಗೆ ಕುತ್ತಿಗೆಗೆ ಬರ್ತದೆ. ಅಪ್ಪಾರ ಮೊಣಕಾಲ ಗುಳಿಗೆಯಲ್ಲಿ ಟ್ರಮಡಾಲ್ ಅಥವಾ ಕೊಡೀನ್ ಇದೆಯೇನು ನೋಡ್ರಿ. ಇದ್ದರೆ ಡಾಕ್ಟರರ ಕಡೆಯಿಂದ ಬೇರೆ ಗುಳಿಗೆ ಬರೆಸಿಕೊಳ್ಳೋದು ಚಲೋ. ಉಳಿದ ಔಷಧಕ್ಕೂ ಇಂಗ್ಲಿಷಿನಲ್ಲಿ ಬರೆದ ಚೀಟಿ ಜೊತೆಗಿರಲಿ, ಗುಳಿಗೆ ಅದರ ಪಟ್ಟಿಯಲ್ಲೇ ಇರಲಿ, ಡಬ್ಬಿಗೆ ಸುರಿಯಬೇಡ್ರಿ.

ಮುತ್ತು. ಬಹ್ರೇನ್‌ಗೆ ಹೆಸರಿರೋದು ನೈಸರ್ಗಿಕ ಮುತ್ತಿಗೆ, ಕೃಷಿ ಮಾಡಿದ ಮುತ್ತಿನ ವ್ಯಾಪಾರಕ್ಕೆ ಅಲ್ಲಿ ನಿಷೇಧ ಇದೆ. ಹಂಗಂತ ಬೀದಿಯಲ್ಲಿ ಐದು-ಹತ್ತು ದಿನಾರಿಗೆ ಕೊಡೋ ಸರ ನೈಸರ್ಗಿಕ ಆಗಲಿಕ್ಕೆ ಸಾಧ್ಯ ಇಲ್ಲ. ಎರಡು ಮುತ್ತು ಉಜ್ಜಿ ಗರಗರ ಅಂದ್ರೆ ಅಸಲು ಅಂತಾರಲ್ಲ, ಆ ಪರೀಕ್ಷೆ ಗಾಜು-ಪ್ಲಾಸ್ಟಿಕ್ ಹಿಡೀತದೆ ಅಷ್ಟೇ. ಕೃಷಿ ಮುತ್ತಿನ ಹೊರಪದರವೂ ಸಿಂಪಿನದ್ದೇ ಆದ್ದರಿಂದ ಅದೂ ಗರಗರ ಅಂತದೆ. ಒಳಗೆ ಮಣಿ ಇಟ್ಟು ಬೆಳೆಸಿದ್ದೋ ತಾನಾಗಿ ಬೆಳೆದದ್ದೋ ಅನ್ನೋದು ಎಕ್ಸ್-ರೇ ಹಿಡಿದರೆ ಮಾತ್ರ ಗೊತ್ತಾಗೋದು. ಅಲ್ಲಿ 'ದಾನತ್' ಅನ್ನೋ ಮುತ್ತು-ರತ್ನ ಪರೀಕ್ಷಾ ಸಂಸ್ಥೆ ಇದೆ. ಅದರ ಪ್ರಮಾಣಪತ್ರದಲ್ಲಿರೋ ತೂಕ, ಅಳತೆ, ಬಣ್ಣ ಕೈಯಲ್ಲಿರೋ ಮುತ್ತಿಗೆ ಹೊಂದತಾವೇನು ಅಂತ ಅಂಗಡಿಯಲ್ಲೇ ನೋಡ್ರಿ. ನಿಮ್ಮ ಹಾಗೆ ವಾರಕ್ಕೆ ಹೋಗಿ ಬರುವವರಿಗೆ ಆಭರಣ ತರಲಿಕ್ಕೆ ಸುಂಕದ ರಿಯಾಯ್ತಿ ಇಲ್ಲ, ಅದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ. ಬಂಗಾರ ಕೊಳ್ಳೋ ಮುಂದೆ ಈ ಲೆಕ್ಕ ಹಾಕಿಕೊಳ್ರಿ.

ಸಾಧನಕೇರಿ, ಧಾರವಾಡ

ಬನ್ನಿ ಅಂತ ಹೇಳಿ ಬೆಟಗೇರಿಯವ್ರು ನನ್ನ ಮಾತು ಮುರದ್ರು. ಒಪ್ಪಿದೆ, ಹೋಗ್ರಿ.

ರೊಕ್ಕದ ಮಾತೊಂದು ಉಳೀತು. ಒಂದು ದಿನಾರಿಗೆ 1000 ಫಿಲ್ಸ್, ನಮ್ಮಂಗ 100 ಪೈಸೆ ಅಲ್ಲ. ಬಿಲ್ಲಿನಾಗ ಚುಕ್ಕಿ ಮುಂದ ಮೂರು ಅಂಕಿ ಇರ್ತಾವ: 1.500 ಅಂದ್ರ ಒಂದೂವರಿ ದಿನಾರ್, ಸಾವಿರದ ಐದು ನೂರು ಅಲ್ಲ. ಒಂದು ದಿನಾರ್ ಸುಮಾರು 2.65 ಡಾಲರ್, ಅಂದ್ರ ನಮ್ಮ ರೂಪಾಯಿ ಇನ್ನೂರಾ ಇಪ್ಪತ್ತರ ಮ್ಯಾಲೆ. ಹಂಗಾಗಿ "ಬರೇ ಮೂರು" ಅಂತ ಟ್ಯಾಕ್ಸಿಯವ ಅಂದಾಗ ಗುಣಾಕಾರ ಮಾಡ್ರಿ. 1965ರ ತನಕ ಅಲ್ಲಿ ನಡೀತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕಿನ ಗಲ್ಫ್ ರೂಪಾಯಿ ಅನ್ನೂದು ಅಪ್ಪಾರಿಗೆ ಹೇಳ್ರಿ, ಖುಷಿ ಪಡ್ತಾರ. ಪ್ಲಗ್ ಇಂಗ್ಲೆಂಡಿನ ಚೌಕ ಮೂರು ಪಿನ್ನಿಂದು, ನಮ್ಮ ದುಂಡು ಪಿನ್ ಹಿಡಿಯಂಗಿಲ್ಲ. ಅಡಾಪ್ಟರ್ ಹುಬ್ಬಳ್ಳಿಯಾಗ ತಗೋರಿ, ಏರ್‌ಪೋರ್ಟ್‌ನಾಗ ತುಟ್ಟಿ.