ಮಿಡಿ ಉಪ್ಪಿನಕಾಯಿ ಮಳೆಗಾಲ ದಾಟುತ್ತಿಲ್ಲ: ಒಂದು ಪ್ರಶ್ನೆ, ಕೆಲವು ಮನೆಗಳ ಅನುಭವ

ಪ್ರಶ್ನೆ, ಬೆಂಗಳೂರಿನಿಂದ

ನಮ್ಮ ಅತ್ತೆಯವರು ಸಾಗರದ ಕಡೆಯವರು. ಅವರು ಹಾಕಿದ ಮಿಡಿ ಉಪ್ಪಿನಕಾಯಿ, ಅಂದರೆ ಎಳೆಯ ಮಾವಿನಕಾಯಿಯ ಉಪ್ಪಿನಕಾಯಿ, ಮೂರನೆಯ ವರ್ಷಕ್ಕೂ ಕಚ್ಚಿದರೆ ಕಟುಂ ಎನ್ನುತ್ತಿತ್ತು. ಅವರು ತೀರಿಕೊಂಡ ಮೇಲೆ ಎರಡು ವರ್ಷ ನಾನೇ ಹಾಕಿದೆ. ಎರಡು ಸಲವೂ ಮಳೆಗಾಲ ಮುಗಿಯುವುದರೊಳಗೆ ಮಿಡಿ ಮೆತ್ತಗಾಗಿ ಮೇಲೆ ಬಿಳಿಯ ಪೊರೆ ಕಟ್ಟಿತು. ಅವರ ಪುಸ್ತಕದಲ್ಲಿ ಇರುವುದು ಒಂದೇ ಸಾಲು: "ನೂರು ಮಿಡಿಗೆ ಒಂದು ಪಾವು ಉಪ್ಪು, ಮೆಣಸು ಸಾಸಿವೆ ಹದಕ್ಕೆ." ನಮ್ಮ ಮನೆಯವರಿಗೆ ರಕ್ತದೊತ್ತಡ ಇರುವುದರಿಂದ ನಾನು ಮುಕ್ಕಾಲು ಪಾವು ಮಾತ್ರ ಹಾಕಿದ್ದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ, ಸಾಗರ ತಾಲ್ಲೂಕಿನಿಂದ

ಮೂವತ್ತು ವರ್ಷಗಳಿಂದ ಪ್ರತಿ ಬೇಸಿಗೆಯಲ್ಲಿ ಮಿಡಿ ಹಾಕುತ್ತಿದ್ದೇನೆ, ಅದರಲ್ಲಿ ನಾಲ್ಕು ಭರಣಿ ಕೆಡಿಸಿಯೂ ಇದ್ದೇನೆ. ನಿಮ್ಮ ಅತ್ತೆಯವರ ಆ ಸಾಲು ಅವರ ಮನೆಯ ಮರಕ್ಕೆ ಬರೆದದ್ದು. ನಮ್ಮ ಕಡೆ, ರಿಪ್ಪನ್‌ಪೇಟೆಯ ಸಂತೆಯಲ್ಲಿ ಕೂಡ, ಮಿಡಿಯನ್ನು ಮಾರುವುದು ನೂರರ ಎಣಿಕೆಯಲ್ಲಿಯೇ. ಆದರೆ ಒಂದು ಮರದ ನೂರಕ್ಕೂ ಇನ್ನೊಂದು ಮರದ ನೂರಕ್ಕೂ ತೂಕ ಒಂದೇ ಇರುವುದಿಲ್ಲ. ಹೋದ ವರ್ಷ ಕುತೂಹಲಕ್ಕೆ ತೂಗಿ ನೋಡಿದೆ: ನಮ್ಮ ಹಿತ್ತಲಿನ ಜೀರಿಗೆ ಮಿಡಿ (ಜೀರಿಗೆಯ ಪರಿಮಳದ ಮಿಡಿ) ನೂರಕ್ಕೆ ಒಂದು ಕಿಲೋ ನೂರು ಗ್ರಾಂ ಬಂತು, ಕೊಂಡು ತಂದದ್ದು ಒಂದು ಕಿಲೋ ಎಂಟುನೂರು ಗ್ರಾಂ ಬಂತು. ಇವೆರಡಕ್ಕೂ ಒಂದೇ ಪಾವು ಉಪ್ಪು ಹಾಕಿದರೆ ಎರಡನೆಯ ಭರಣಿ ಕೆಡದೆ ಇನ್ನೇನಾಗುತ್ತದೆ? ನೀವು ಅದರಲ್ಲಿಯೂ ಕಾಲು ಭಾಗ ಕಳೆದಿದ್ದೀರಿ. ಆದ್ದರಿಂದ ಎಣಿಕೆಯನ್ನು ಬಿಟ್ಟು ತೂಕಕ್ಕೆ ಬನ್ನಿ; ಒಂದು ಕಿಲೋ ಮಿಡಿಗೆ ಇನ್ನೂರೈವತ್ತು ಗ್ರಾಂ ಹರಳುಪ್ಪು ನಮ್ಮ ಮನೆಯ ಲೆಕ್ಕ.

ಮಿಡಿಯ ಒಳಗಿನ ನೀರನ್ನು ಹೊರಗೆ ಎಳೆಯುವುದು ಉಪ್ಪು, ಮಿಡಿ ಮುಳುಗಿರಬೇಕಾದದ್ದು ಆ ನೀರಿನಲ್ಲಿಯೇ. ಉಪ್ಪು ಸಾಲದಿದ್ದರೆ ನೀರು ಕಡಿಮೆ ಬಿಡುತ್ತದೆ, ಮೇಲಿನ ಪದರದ ಮಿಡಿಗಳು ಗಾಳಿಗೆ ತೆರೆದುಕೊಂಡು ತೇಲುತ್ತವೆ, ಪೊರೆ ಮೊದಲು ಹುಟ್ಟುವುದು ಅಲ್ಲಿಂದ. ರಕ್ತದೊತ್ತಡಕ್ಕಾಗಿ ಕಡಿಮೆ ಮಾಡುವುದಿದ್ದರೆ ಬಡಿಸುವಾಗ ಮಾಡಿ. ನಮ್ಮಲ್ಲಿ ಯಜಮಾನರಿಗೆ ಮಿಡಿಯನ್ನು ಸೀಳಿ ಕಾಲು ಭಾಗವನ್ನಷ್ಟೇ ಬಡಿಸುತ್ತೇವೆ, ಅವರು ಗೊಣಗುತ್ತಲೇ ತಿನ್ನುತ್ತಾರೆ.

ಮಿಡಿಯನ್ನು ಆರಿಸುವುದರಲ್ಲಿಯೂ ಅರ್ಧ ಕೆಲಸವಿದೆ. ಅಘನಾಶಿನಿ, ಶರಾವತಿ ಹೊಳೆಗಳ ದಂಡೆಯ ಕಾಡುಮರಗಳ ಅಪ್ಪೆಮಿಡಿಗೆ ಹೆಸರಿದೆಯಾದರೂ ಪೇಟೆಯಲ್ಲಿ ಈಗ ಎಲ್ಲ ಮಿಡಿಗೂ ಅದೇ ಹೆಸರು ಹೇಳುತ್ತಾರೆ. ಒಂದನ್ನು ಉದ್ದಕ್ಕೆ ಸೀಳಿ ನೋಡಿ: ಗೊರಟು ಇನ್ನೂ ಬಲಿಯದೆ ಬೆಳ್ಳಗಿದ್ದು ಚಾಕು ತಡೆಯಿಲ್ಲದೆ ಇಳಿಯಬೇಕು. ಸೀಳಿದ ಕೂಡಲೇ ಪರಿಮಳ ಮೂಗಿಗೆ ಬಡಿಯಬೇಕು. ತೊಟ್ಟು ಅರ್ಧ ಇಂಚಾದರೂ ಇರಲಿ. ತೊಟ್ಟು ಕಳಚಿದರೆ ಸೊನೆ ಸೋರಿಹೋಗುತ್ತದೆ, ಪರಿಮಳವಿರುವುದೇ ಸೊನೆಯಲ್ಲಿ. ಮರದಿಂದ ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿಯನ್ನು ಭರಣಿಗೆ ಹಾಕಲೇಬೇಡಿ. ಕೆಟ್ಟ ಒಂದು ಮಿಡಿ ಭರಣಿಯನ್ನೇ ಕೆಡಿಸಿದ್ದನ್ನು ನಾನು ಕಂಡಿದ್ದೇನೆ.

ಇನ್ನು ಹಾಕುವ ಕ್ರಮ. ತೊಳೆದ ಮಿಡಿಯನ್ನು ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಪೂರ್ತಿ ಆರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಉಪ್ಪಿನಂತೆ ತುಂಬಿ, ಮೇಲೆ ತೊಳೆದು ಒಣಗಿಸಿದ ಕಲ್ಲಿನ ಭಾರವಿಡುತ್ತೇವೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಅಡಿಮೇಲು ಮಾಡಬೇಕು. ಹನ್ನೆರಡು, ಹದಿನೈದು ದಿನಗಳಲ್ಲಿ ಮಿಡಿಯ ಹಸಿರು ಮಾಸಿ ಮೈಯೆಲ್ಲ ಸುಕ್ಕುಗಟ್ಟುತ್ತದೆ. ಎರಡು ಬೆರಳಿನ ನಡುವೆ ಹಿಚುಕಿದರೆ ಬಗ್ಗಬೇಕು, ಒಡೆಯಬಾರದು. ಇನ್ನೂ ಉಬ್ಬಿದಂತೆ ಕಂಡರೆ ನಾಲ್ಕು ದಿನ ಕಾಯಿರಿ. ಬಳಿಕ ಮಿಡಿಯನ್ನು ಬಸಿದು, ಆ ಉಪ್ಪುನೀರನ್ನು ಚೆನ್ನಾಗಿ ಕುದಿಸಿ, ರಾತ್ರಿಯಿಡೀ ಆರಲು ಬಿಡಬೇಕು. ಒಂದು ಕಿಲೋಗೆ ನೂರು ಗ್ರಾಂ ಬ್ಯಾಡಗಿ, ಐವತ್ತು ಗ್ರಾಂ ಗುಂಟೂರು ಮೆಣಸು, ನೂರು ಗ್ರಾಂ ಸಾಸಿವೆ, ಒಂದು ದೊಡ್ಡ ಚಮಚ ಅರಿಶಿನ. ಎಲ್ಲವನ್ನೂ ಆರಿದ ಉಪ್ಪುನೀರಿನಲ್ಲಿ ನುಣ್ಣಗೆ ರುಬ್ಬಿ ಮಿಡಿಗೆ ಬೆರೆಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಗೋಡೆಯ ಎತ್ತರದ ಹಲಗೆಯಾದ ನಾಗಂದಿಗೆಯ ಮೇಲಿಟ್ಟರೆ ಒಂದು ತಿಂಗಳು ಮುಟ್ಟುವ ಹಾಗಿಲ್ಲ.

ಉತ್ತರ, ಪುತ್ತೂರಿನ ಕಡೆಯಿಂದ

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ, ಒಂದು ವಿಷಯದಲ್ಲಿ ಮಾತ್ರ ನಮ್ಮ ಪದ್ಧತಿ ಬೇರೆ. ಮಿಡಿ ತಾನಾಗಿ ನೀರು ಬಿಡಲಿ ಎಂದು ನಾವು ಕಾಯುವುದಿಲ್ಲ. ಇನ್ನು ಕರಗದು ಎನ್ನುವಷ್ಟು ಉಪ್ಪನ್ನು ನೀರಿಗೆ ಹಾಕಿ ಕುದಿಸಿ, ತಣಿದ ಮೇಲೆ ಶೋಧಿಸಿ, ಮಿಡಿ ಮುಳುಗುವಂತೆ ಎರೆಯುತ್ತೇವೆ. ಲೀಟರಿಗೆ ಸುಮಾರು ಮುನ್ನೂರೈವತ್ತು ಗ್ರಾಂ ಉಪ್ಪು ಕರಗುತ್ತದೆ. ಹೊಸಬರಿಗೆ ಈ ದಾರಿ ಸುಲಭ ಎಂದು ನನಗೆ ಅನಿಸುತ್ತದೆ, ಏಕೆಂದರೆ ಮೊದಲ ದಿನವೇ ಮಿಡಿ ನೀರಿನ ಅಡಿಗೆ ಹೋಗುತ್ತದೆ.

ನಾವು ಹೊರಡಿ ಎನ್ನುವ ಮೆಣಸು, ಸಾಸಿವೆಯ ಮಿಶ್ರಣದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಸಾಸಿವೆಯನ್ನು ಹುರಿಯಬಾರದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಮಿಕ್ಸಿಯಲ್ಲಿ ಒಂದೇ ಸಮನೆ ತಿರುಗಿಸಿದರೆ ಬಿಸಿಯೇರಿ ಕಹಿ ಹಿಡಿಯುತ್ತದೆ, ಆದ್ದರಿಂದ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿರಿ. ಸರಿಯಾದ ಹೊರಡಿ ಮುಚ್ಚಳ ತೆಗೆದಾಗ ಕಣ್ಣಿನಲ್ಲಿ ನೀರು ತರಿಸಬೇಕು. ಆ ಘಾಟೇ ಬೂಷ್ಟನ್ನು ದೂರವಿಡುತ್ತದೆ.

ಉತ್ತರ, ಮುಂಬಯಿಯಿಂದ

ಇಲ್ಲಿ ಎಳೆಯ ಮಿಡಿ ಸಿಗುವುದಿಲ್ಲ. ಶಿರಸಿಯಲ್ಲಿರುವ ತಂಗಿ ಉಪ್ಪಿನಲ್ಲಿ ಹಾಕಿಟ್ಟ ಮಿಡಿಯನ್ನು ಮೇ ತಿಂಗಳಲ್ಲಿ ಕೊಡುತ್ತಾಳೆ, ಮಸಾಲೆ ಮಾತ್ರ ನನ್ನದು. ದೊಡ್ಡ ಭರಣಿಯಿಂದ ದಿನವೂ ತೆಗೆಯದೆ, ತಿಂಗಳಿಗೆ ಬೇಕಾದಷ್ಟನ್ನು ಸಣ್ಣ ಗಾಜಿನ ಬಾಟಲಿಗೆ ತುಂಬಿಕೊಳ್ಳಲು ಆರಂಭಿಸಿದ ಮೇಲೆ ನನ್ನ ಉಪ್ಪಿನಕಾಯಿ ಒಮ್ಮೆಯೂ ಕೆಟ್ಟಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಾಚಿಕೆಯಿಂದಲೇ ಹೇಳುತ್ತೇನೆ: ನಾನು ತಂದ ಮಿಡಿಗೆ ತೊಟ್ಟೇ ಇರಲಿಲ್ಲ, ಮತ್ತು ಏಪ್ರಿಲ್ ನಡುವಿನಲ್ಲಿ ತಂದಿದ್ದೆ. ಕುದಿಸಿದ ಉಪ್ಪುನೀರು ಉಗುರುಬೆಚ್ಚಗೆ ಇರುವಾಗಲೇ ಸುರಿದದ್ದೂ ನಿಜ. ಈಗ ಮನೆಯಲ್ಲಿರುವ ಭರಣಿಯನ್ನು ಉಳಿಸಿಕೊಳ್ಳಬಹುದೇ?

ಉತ್ತರ, ಸಾಗರ ತಾಲ್ಲೂಕಿನಿಂದ

ಮೆತ್ತಗಾದ ಮಿಡಿ ಮತ್ತೆ ಗಟ್ಟಿಯಾಗುವುದಿಲ್ಲ. ಹಸಿರು ಅಥವಾ ಕಪ್ಪು ಬೂಷ್ಟು ಕಂಡಿದ್ದರೆ, ಇಲ್ಲವೇ ವಾಸನೆ ಬದಲಾಗಿದ್ದರೆ, ಹೊಟ್ಟೆ ಉರಿದರೂ ಪೂರ್ತಿ ಚೆಲ್ಲಿಬಿಡಿ. ಹೊಸ ಮಿಡಿಗೆ ಫೆಬ್ರವರಿಯಲ್ಲಿಯೇ ಯಾರಿಗಾದರೂ ಹೇಳಿಟ್ಟುಕೊಳ್ಳಿ; ಏಪ್ರಿಲ್ ನಡುವಿಗೆ ನಮ್ಮಲ್ಲಿಯೂ ಗೊರಟು ಬಲಿತಿರುತ್ತದೆ. ಕೊಯ್ಯುವವರಿಗೆ ಬಲೆಚೀಲ ಕಟ್ಟಿದ ಉದ್ದನೆಯ ಕೋಲಾದ ದೋಟಿಯಿಂದಲೇ ಕೊಯ್ಯಬೇಕೆಂದು, ತೊಟ್ಟು ಮುರಿಯಬಾರದೆಂದು ಮೊದಲೇ ತಿಳಿಸಿ. ಹಾಗೆ ಕೊಯ್ದದ್ದಕ್ಕೆ ನೂರಕ್ಕೆ ಸ್ವಲ್ಪ ಹೆಚ್ಚು ಕೇಳುತ್ತಾರೆ, ಕೊಡಿ. ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಬಾಯಿ ಮೇಲೆ ಮಾಡಿ ಇಡಲು ಮರೆಯಬೇಡಿ.